ಅಕ್ಕನ ಕೈಯ ಕಿತ್ತಳೆ

ಆ ಬೆಳಗ್ಗೆ ಮಂಜು ತೆಳ್ಳಗಿತ್ತು, ನೀರು ಬೆರೆಸಿದ ಹಾಲಿನ ಹಾಗೆ. ಬಿಸಿಲು ಅದನ್ನು ಸರಿಸಿಕೊಂಡು ತೋಟಕ್ಕೆ ಇಳಿಯುವಷ್ಟರಲ್ಲಿ ಅಕ್ಕ ದೇವರಿಗೆ ಮೂರು ಸಲ ಕೈಮುಗಿದಾಗಿತ್ತು. ಅಂದು ಹಣ್ಣಿನ ಮಂಡಿಯ ಸಾಹುಕಾರ ಬರುವ ದಿನ. ಅವನು ತನಗೆ ಇಷ್ಟ ಬಂದ ಮರದ ಒಂದೇ ಒಂದು ಕಿತ್ತಳೆ ಕಿತ್ತು, ಸಣ್ಣ ಚಾಕುವಿನಿಂದ ಹೆಚ್ಚಿ ಬಾಯಿಗಿಡುತ್ತಾನೆ. ಇಡೀ ತೋಟದ ಹಣೆಬರಹ ಅಲ್ಲಿಗೆ ತೀರ್ಮಾನವಾಯಿತು. ಊರವರು ಅವನನ್ನು ಕರೆಯುವುದೇ ಚಾಕುರಾಯ ಎಂದು. ಹೋದ ವರ್ಷ "ಹಣ್ಣು ದೊಡ್ಡದು, ರುಚಿ ಚಿಕ್ಕದು" ಎಂದು ಚಾಕು ಮಡಚಿ ಹೊರಟುಬಿಟ್ಟಿದ್ದ. ಈ ಸಲವೂ ಬೇಡವೆಂದರೆ ಮರಗಳನ್ನು ಕಡಿದು ಮೇವು ಬಿತ್ತುವುದೆಂದು ಮನೆಯಲ್ಲಿ ಮಾತಾಗಿತ್ತು.

ತಪ್ಪು ಮರದ್ದಲ್ಲ, ಅಕ್ಕನ ಕೈಯದು. ಅದು ಉಣಬಡಿಸುವ ಕೈ. ಊಟಕ್ಕೆ ಕೂತವರು ಸಾಕು ಸಾಕು ಎಂದಷ್ಟೂ ಸೌಟು ಮುಂದೆ ಬರುತ್ತಿತ್ತು. ಗಂಡನ ಹೊಟ್ಟೆಯೇ ಅದಕ್ಕೆ ಸಾಕ್ಷಿ. ಮರಗಳಿಗೂ ಅದೇ ಉಪಚಾರ. ಕಾಯಿ ಬಲಿತ ಮೇಲೂ ನೀರೋ ನೀರು, ಹಿಡಿಹಿಡಿ ಯೂರಿಯಾ.

ಪಕ್ಕದ ತುಂಡಿನಲ್ಲಿ ತರಕಾರಿ ಬೆಳೆಯುವವಳು ಅವಳ ವಾರಗಿತ್ತಿ. ಅಕ್ಕ, ತಂಗಿ ಎಂದೇ ಅವರ ಬಳಕೆ. ಆ ತಂಗಿ ಈ ವರ್ಷ ಸೆರಗು ಬಿಗಿದು ನಿಂತಳು.

"ಅಕ್ಕಾ, ಹೂವು, ಹೀಚುಗಾಯಿ ಹೊತ್ತಲ್ಲಿ ಹೊಟ್ಟೆ ತುಂಬ ಕೊಡು, ಬೇಡ ಅನ್ನಲ್ಲ. ಹಣ್ಣಾಗೋವಾಗ ಅಷ್ಟು ಕುಡಿಸಿದ್ರೆ ಸಿಹಿ ತೆಳ್ಳಗಾಗುತ್ತೆ. ಯೂರಿಯಾ ಜಾಸ್ತಿಯಾದ್ರೆ ಸಿಪ್ಪೆ ಕಂಬಳಿ ಥರ ದಪ್ಪ. ಹೀಚು ನಿಂತ ಮೇಲೆ ಸಿಹಿಗೆ ಒಂದಿಷ್ಟು ಪೊಟ್ಯಾಷ್ ಗೊಬ್ಬರ ಹಾಕು, ಸಾಕು."

"ಬಾಯಿಲ್ಲದ ಜೀವ ಕಣೇ. ದಾಹ ಆದ್ರೆ ಯಾರನ್ನ ಕೇಳುತ್ತೆ?"

"ಬಾಯಿರೋ ಭಾವನೇ ಬೇಡ ಅಂದ್ರೂ ನೀನು ಬಿಡಲ್ವಲ್ಲ!"

ಕಾಲುವೆ ಒಂದೇ. ವಾರದಲ್ಲಿ ಮೂರು ದಿನ ಅಕ್ಕನ ಸರದಿ, ಮೂರು ದಿನ ತಂಗಿಯದು. ಅಕ್ಕನ ಕೈ ಕಟ್ಟಿಹಾಕಲು ತಂಗಿ ಕೊನೆಯ ತಿಂಗಳಲ್ಲಿ ಅವಳ ವಾರದ ಮೂರು ಸರದಿಯಲ್ಲಿ ಎರಡನ್ನು ಸಾಲವಾಗಿ ಇಸಿದುಕೊಂಡಳು. ಕೊಯ್ಲಾದ ಮೇಲೆ ವಾಪಸ್ಸು ಎಂದು ಮಾತು.

ಚಾಕುರಾಯ ಬಂದ. ಬೇಲಿ ಪಕ್ಕದ ಮರದಲ್ಲಿ ಎಲ್ಲಕ್ಕಿಂತ ದಪ್ಪ ಹಣ್ಣುಗಳು ತೂಗುತ್ತಿದ್ದವು. ನೇರ ಅಲ್ಲಿಗೇ ನಡೆದ. ಹೆಚ್ಚಿದ, ಅಗಿದ, ಮುಖ ಕಿವುಚಿದ.

"ಅಮ್ಮಾ, ಇದೇನು ಹಣ್ಣೋ, ನೀರಿನ ಚೊಂಬೋ?"

ಪಕ್ಕದಲ್ಲೇ ನಿಂತಿದ್ದ ತಂಗಿಯ ಮುಖ ಬಾಡಿತು. ತಾನು ವರ್ಷವಿಡೀ ಹೇಳಿದ್ದೆಲ್ಲ ಸುಳ್ಳೇ? ಅಕ್ಕ ಸುಮ್ಮನಿದ್ದರೆ ಮಾತು ತಂಗಿಯ ಮೇಲೆಯೇ ಬರುತ್ತಿತ್ತು. ಅವಳು ಸುಮ್ಮನಿರಲಿಲ್ಲ.

"ಸಾಹುಕಾರರೇ, ಅದು ನನ್ನ ಕಳ್ಳತನ. ಈ ಮನೆಗೆ ಬಂದ ವರ್ಷ ನೆಟ್ಟ ಮರ, ಮನಸ್ಸು ತಡೀಲಿಲ್ಲ. ಇವಳ ಕಣ್ಣು ತಪ್ಪಿಸಿ ದಿನಾ ನಾಲ್ಕು ಕೊಡ ಸುರಿದೆ. ಯೂರಿಯಾನೂ... ಎರಡೇ ಹಿಡಿ."

"ತಿಂಗಳಿಗಾ?" ಎಂದಳು ತಂಗಿ.

"ವಾರಕ್ಕೆ."

ಚಾಕುರಾಯ ನಕ್ಕ ನಗುವಿಗೆ ಮರದ ಹಕ್ಕಿಗಳು ಹಾರಿಹೋದವು. "ಮಳೆ ಮೇಲೆ, ಹುಳದ ಮೇಲೆ ಚಾಡಿ ಹೇಳೋರನ್ನ ನೋಡಿದ್ದೆ. ತನ್ನ ಮೇಲೆ ತಾನೇ ಚಾಡಿ ಹೇಳ್ಕೊಂಡೋರು ನೀವೇ ಮೊದಲು!"

ಹಾಗೆಂದವನು ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದ. ಎರಡನೆಯ ಮರಕ್ಕೆ ಹೋಗಿ ಮತ್ತೊಂದು ಹಣ್ಣು ಹೆಚ್ಚಿದ. ಸಿಪ್ಪೆ ಎಲೆಯಂತೆ ತೆಳುವಾಗಿತ್ತು. ರಸ ಮೊಣಕೈವರೆಗೆ ಇಳಿಯಿತು. ಅವನು ಮೂರನೆಯ ಮರಕ್ಕೆ ನಡೆದ, ಅದರದ್ದನ್ನೂ ಪೂರ್ತಿ ತಿಂದ.

"ನಿಮ್ಮ ಮುದ್ದಿನ ಮಗಳೊಬ್ಬಳನ್ನ ಬಿಟ್ಟು ಉಳಿದೋರೆಲ್ಲ ನನ್ನ ಗಾಡಿ ಹತ್ತಲಿ."

ಕೊಯ್ಲು ಮುಗಿಯಿತು. ಹೊರೆ ಇಳಿಸಿದ ಮರಗಳು ಬಾಣಂತಿಯರಂತೆ ದಣಿದು ನಿಂತವು. ಈಗ ಅವಕ್ಕೆ ನಿಜವಾಗಿ ನೀರು ಬೇಕು, ಗೊಬ್ಬರ ಬೇಕು. ಆದರೆ ಕದ್ದು ಸುರಿದವಳು ಯಾವ ಬಾಯಲ್ಲಿ ಸರದಿ ವಾಪಸ್ಸು ಕೇಳುವುದು? ತಂಗಿಯ ಬೀನ್ಸ್ ಬೇರೆ ಆಗಷ್ಟೇ ಹೂ ಬಿಟ್ಟಿತ್ತು.

ಮರುದಿನ ತಂಗಿಯ ಸ್ವಂತ ಸರದಿ. ಅಕ್ಕ ಗೊಬ್ಬರದ ಬುಟ್ಟಿ ಹೊತ್ತು ಬಂದಾಗ ಮರಗಳ ಪಾತಿಯಲ್ಲಿ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಆಚೆ ತಂಗಿ ತನ್ನ ಬೀನ್ಸ್ ಮಡಿಯ ಬಾಯಿಗೆ ಕಾಲಿನಿಂದ ಮಣ್ಣು ಒತ್ತಿ ಮುಚ್ಚುತ್ತಿದ್ದಳು, ತಲೆ ಎತ್ತದೆ.