ರೋಕೋ ಅಂದರೆ ಠೋಕೋ

ದೆಹಲಿಯ ಕರೋಲ್ ಬಾಗಿನಲ್ಲಿ ಇದು ಮೂರನೆಯ ಅಂಗಡಿ. ಮೊದಲನೆಯವನು ಹಾಡು ಕೇಳುವ ಹೆಡ್‌ಫೋನ್ ತೋರಿಸಿದ್ದ. ಎರಡನೆಯವನು ಕಟ್ಟಡ ಕೆಲಸದವರ ಹಳದಿ ಇಯರ್‌ಮಫ್ ಮುಂದಿಟ್ಟಿದ್ದ. ಕಿವಿ ಪೂರ್ತಿ ಮುಚ್ಚುವಂಥದ್ದು ಬೇಡ ಮಾರಾಯ, ಸದ್ದು ತಡೆದು ಮಾತು ಒಳಗೆ ಬಿಡುವಂಥದ್ದು ಬೇಕು ಅಂತ ಮೈತ್ರೇಯಿ ಬಿಡಿಸಿ ಹೇಳಿದರೆ, ಅದನ್ನೇ ನೀಲಿ ಬಣ್ಣದಲ್ಲಿ ತಂದುಕೊಟ್ಟ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಏನು! ದಾವಣಗೆರೆಯಲ್ಲಿ ಓದಿ, ಘಾಜಿಯಾಬಾದಿನ ಕಾರ್ಖಾನೆಯೊಂದರ ಪ್ರೆಸ್ ಶಾಪಿಗೆ ಎಂಜಿನಿಯರಾಗಿ ಬಂದು ಆರು ವರ್ಷವಾಗಿತ್ತು. ಉಕ್ಕಿನ ತಗಡನ್ನು ಒಂದೇ ಏಟಿಗೆ ಕಾರಿನ ಬಾಗಿಲು ಮಾಡಿಬಿಡುವ ಆ ಯಂತ್ರಗಳೆಂದರೆ ಅವಳಿಗೆ ಪ್ರಾಣ. ಕಳೆದ ತಿಂಗಳು ಹೊಸ ಅಚ್ಚು ಕೂರಿಸಿ ನೋಡುವಾಗ ಫೋರ್‌ಮನ್ ಸತಬೀರ್ “ರೋಕೋ” ಎಂದು ಕೂಗಿದ, ನಿಲ್ಲಿಸಿ ಅಂತ. ಅವಳಿಗೆ ಕೇಳಿದ್ದು “ಠೋಕೋ”, ಹೊಡೀರಿ ಅಂತ. ಗುಂಡಿ ಒತ್ತಿದಳು. ಅಚ್ಚು ಎರಡು ಹೋಳಾಯಿತು.

ಮೇಡಂಗೆ ಹಿಂದಿ ಬರೋದಿಲ್ಲ ಅಂತ ಯಾರೋ ಒಬ್ಬ ಅಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ, ಮ್ಯಾನೇಜರ್ ಅದನ್ನೇ ಹಿಡಿದುಕೊಂಡ. “ನೀವು ಎಲ್ಲವನ್ನೂ ಮೂರು ಮೂರು ಸಲ ಹೇಳಿಸುತ್ತೀರಿ. ಒಂದು ತಿಂಗಳಲ್ಲಿ ಹಿಂದಿ ಸುಧಾರಿಸಿಕೊಳ್ಳಿ, ಇಲ್ಲವಾದರೆ ಸ್ಟೋರ್ಸಿಗೆ ಹೋಗಿ ನಟ್ಟು ಬೋಲ್ಟು ಎಣಿಸಿ” ಅಂದ. ಆ ತಿಂಗಳು ಸೋಮವಾರಕ್ಕೆ ಮುಗಿಯುತ್ತದೆ. ಇವಳು ದಿನಾ ಮೆಟ್ರೋದಲ್ಲಿ ನಿಂತುಕೊಂಡೇ ಫೋನಿನಲ್ಲಿ ಸದ್ದು ಪೂರ್ತಿ ಏರಿಸಿ ಹಿಂದಿ ಪಾಠ ಕೇಳಿದಳು. ಪಾಠ ಎಲ್ಲಾ ಅರ್ಥವಾಗುತ್ತಿತ್ತು, ಸತಬೀರ್ ಮಾತ್ರ ಅರ್ಥವಾಗುತ್ತಿರಲಿಲ್ಲ. ಹಾಗಾದರೆ ತಪ್ಪು ಕಂಪನಿ ಕೊಟ್ಟ ದರಿದ್ರ ಇಯರ್‌ಮಫ್‌ನದೇ ಅಂತ ತೀರ್ಮಾನಿಸಿ, ಒಳ್ಳೆಯದೊಂದನ್ನು ತಾನೇ ಕೊಳ್ಳಲು ಈ ಶನಿವಾರ ಹೊರಟಿದ್ದಳು. ಜೊತೆಗೆ ರೂಮ್‌ಮೇಟ್ ಇಂಚರಾ ಬಂದಿದ್ದಳು, ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುವ ಶಿವಮೊಗ್ಗದ ಹುಡುಗಿ.

ಮೂರನೆಯದು ಶೂಟಿಂಗ್ ಆಟಗಾರರ ಸಾಮಾನಿನ ಅಂಗಡಿ. ಬಿಳಿ ಮೀಸೆಯ ಮಾಲೀಕರು ಏನೋ ಕೇಳಿದರು.

“ಕ್ಯಾ?” ಅಂದಳು ಮೈತ್ರೇಯಿ.

ಅವರು ಮತ್ತೆ ಕೇಳಿದರು.

“ಕ್ಯಾ ಜೀ?”

“ನಿಶಾನೇಬಾಜೀಗಾ ಅಂತ ಕೇಳ್ತಿದಾರೆ ಅಕ್ಕಾ, ಗುಂಡು ಹೊಡೆಯೋಕೆ” ಅಂದಳು ಇಂಚರಾ.

“ಮೇಡಂ ಕೋ ಹಿಂದಿ ಕಮ್ ಆತೀ ಹೈ?” ಎಂದು ಮಾಲೀಕರು, ಹಿಂದಿ ಕಮ್ಮೀನಾ ಅಂತ, ದೊಡ್ಡ ದನಿಯಲ್ಲಿ ಕೇಳಿ ನಕ್ಕರು. ಅದೊಂದು ಮಾತ್ರ ಮೈತ್ರೇಯಿಗೆ ಸ್ಪಷ್ಟವಾಗಿ ಕೇಳಿಸಿತು, ಹಾಳಾದ್ದು!

“ಇಲ್ಲಿಯ ಜನ ಬಾಯಲ್ಲಿ ಪಾನ್ ಇಟ್ಕೊಂಡೇ ಹುಟ್ತಾರೇನೋ” ಎಂದು ಗೊಣಗಿದಳು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಇಂಚರಾ ಛೇಡಿಸಿದಳು.

“ಬಾಯ್ಮುಚ್ಚೇ.”

ಮಾಲೀಕರು ಎರಡು ಇಯರ್‌ಮಫ್ ತೆಗೆದಿಟ್ಟರು. ಎರಡರಲ್ಲೂ ಪುಟ್ಟ ಮೈಕು, ಎರಡು ಪೆನ್ಸಿಲ್ ಸೆಲ್ಲು. ಮೆಲುಮಾತನ್ನು ದೊಡ್ಡದು ಮಾಡಿ ಕಿವಿಗೆ ಬಿಡುತ್ತದೆ, ಗುಂಡು ಹಾರಿದರೆ ಆ ಕ್ಷಣಕ್ಕೇ ತಡೆಯುತ್ತದೆ. ತೆಳು ಮೆತ್ತೆಯದನ್ನು ಹಾಕಿಕೊಂಡರೆ ಕನ್ನಡಕದ ಕಡ್ಡಿಯ ಹತ್ತಿರ ಸಂದು ಬಿಟ್ಟಿತು. ಆ ಸಂದಿನಿಂದ ಪ್ರೆಸ್ಸಿನ ಏಟು ಒಳಗೆ ನುಗ್ಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ದಪ್ಪ ಮೆತ್ತೆಯದು ಕಡ್ಡಿಯ ಮೇಲೂ ಚೆನ್ನಾಗಿ ಕೂತಿತು. ಸ್ವಿಚ್ ತಿರುಗಿಸಿದಳು.

ಅಂಗಡಿ ಎದ್ದು ಕೂತಂತಾಯಿತು. ಫ್ಯಾನಿನ ಕಿರುಗುಟ್ಟು, ಪ್ಲಾಸ್ಟಿಕ್ ಚೀಲದ ಸರಸರ, ಹೊರಗೆ ರಿಕ್ಷಾದ ಗಂಟೆ. ಮೂಲೆಯಲ್ಲಿ ಮಾಲೀಕರು ಬೆನ್ನು ತಿರುಗಿಸಿ ಹೆಂಡತಿಗೆ ಫೋನಿನಲ್ಲಿ ಪಿಸುಗುಡುತ್ತಿದ್ದರು.

“ಇಂಚರಾ! ಇವತ್ತೂ ಗೋಭಿ ಮಾಡಬೇಡ, ಹೊಟ್ಟೆ ಉಬ್ಬರಿಸುತ್ತೆ ಅಂತಿದಾರೆ ಕಣೇ! ಒಂದಕ್ಷರ ಬಿಡದೆ ಅರ್ಥವಾಯ್ತು. ಯಾರೇ ಅಂದದ್ದು ನನಗೆ ಹಿಂದಿ ಬರಲ್ಲ ಅಂತ?” ಖುಷಿಗೆ ಅವಳ ಕಣ್ಣು ತುಂಬಿತು. ಸೋಮವಾರ ಬರಲಿ, ಆ ಮ್ಯಾನೇಜರ್‌ಗೆ ತೋರಿಸುತ್ತೇನೆ ಅಂದುಕೊಂಡಳು.

ಇಂಚರಾ ತಾನೂ ಒಮ್ಮೆ ಹಾಕಿಕೊಂಡು, “ಅಬ್ಬಾ, ಏನಿದು ಇಷ್ಟೊಂದು ಜೋರು!” ಎಂದು ತಟ್ಟನೆ ತೆಗೆದುಬಿಟ್ಟಳು. ಮೈತ್ರೇಯಿ ಅದನ್ನು ಕೈಗೆ ತೆಗೆದುಕೊಂಡು ಮೆತ್ತೆ ಒತ್ತಿ ನೋಡುತ್ತಾ ನಿಂತಳು. ಹಿಂದಿನಿಂದ ಏನೋ ಅಸ್ಪಷ್ಟ ಸದ್ದು. ಮತ್ತೆ ಅದೇ. ಕೊನೆಗೆ ಇಂಚರಾ ಹೆಗಲು ಹಿಡಿದು ಅಲುಗಾಡಿಸಿದಳು.

“ನೀನೂ ಇವರ ಹಾಗೆ ಹಿಂದೀಲಿ ಗೊಣಗಬೇಡ ಕಣೇ, ಕನ್ನಡದಲ್ಲಿ ಹೇಳು” ಎಂದು ರೇಗಿದಳು ಮೈತ್ರೇಯಿ.

ಇಂಚರಾ ಅವಳ ಮುಖವನ್ನೇ ನೋಡಿದಳು. “ಕನ್ನಡದಲ್ಲೇ ಹೇಳಿದ್ದು ಅಕ್ಕಾ. ನಿಮ್ಮ ಚೀಲದಲ್ಲಿ ಫೋನ್ ಹೊಡ್ಕೋತಿದೆ ಅಂತ. ಮೂರು ಸಲ ಹೇಳಿದೆ.”

ಫೋನು ಅಷ್ಟರಲ್ಲಿ ನಿಂತುಹೋಗಿತ್ತು.

“ಹಿಂದೆ ನಿಂತ್ಕೊಂಡು ಏನಾದ್ರೂ ಹೇಳು” ಅಂದಳು ಮೈತ್ರೇಯಿ.

ಇಂಚರಾ ಹೇಳಿದಳು. ಮೈತ್ರೇಯಿಗೆ ಕೇಳಿದ್ದು ‘ಆಯಿವೆ’. ಮತ್ತೆ ಹೇಳಿಸಿದಳು. ಆಯಿವೆ. ಇಯರ್‌ಮಫ್ ಹಾಕಿಕೊಂಡು ಮತ್ತೊಮ್ಮೆ ಹೇಳಿಸಿದಳು.

ಸಾಸಿವೆ.

ಆರು ವರ್ಷದಿಂದ ಸತಬೀರನ ಹಿಂದಿ ಸರಿಯಾಗಿ ಕೇಳಲಿ ಅಂತ, ಪ್ರೆಸ್ಸು ಬಡಿಯುತ್ತಿರುವಾಗಲೇ ಕಂಪನಿಯ ಇಯರ್‌ಮಫ್ಫನ್ನು ಹಿಂದಕ್ಕೆ ಸರಿಸಿಕೊಂಡು ನಿಲ್ಲುತ್ತಿದ್ದವಳು ಅವಳೇ. ಮಾತು ಅರ್ಥವಾಗದೆ ಹೋದಷ್ಟೂ ಹೆಚ್ಚು ಸರಿಸುತ್ತಿದ್ದಳು. ಹಾಕಿಕೊಳ್ಳಿ ಮೇಡಂಜೀ ಅಂತ ಸತಬೀರ್ ಸನ್ನೆ ಮಾಡಿದರೆ, ನಿನ್ನ ಮಾತು ಕೇಳೋದು ಬೇಡವಾ ಅಂತ ಅವನ ಮೇಲೇ ಹಾರಾಡುತ್ತಿದ್ದಳು.

ಮಾಲೀಕರು ಫೋನಿಟ್ಟು ಬಂದು, ಡಬ್ಬಿ ಎತ್ತಿಕೊಂಡು ಏನೋ ಕೇಳಿದರು. ಪ್ಯಾಕ್ ಮಾಡಲಾ ಅಂತ ಇರಬೇಕು. ಮೈತ್ರೇಯಿ ಅದನ್ನು ಕಿವಿಯಿಂದ ತೆಗೆದುಕೊಡಲಿಲ್ಲ, ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು.

“ಡಾಕ್ಟರ್ ಹತ್ರ ಹೋಗೋಣ ಅಕ್ಕಾ” ಅಂದಳು ಇಂಚರಾ ಮೆಲ್ಲಗೆ. ಅದೂ ಸ್ಪಷ್ಟವಾಗಿ ಕೇಳಿಸಿತು.

“ಹಿಂದಿ ಆಗಿದ್ರೆ ಕಲಿತ್ಕೋಬಹುದಿತ್ತಲ್ಲೇ” ಅಂದಳು ಮೈತ್ರೇಯಿ.