ಕೀರ್ತನಳ ಅಮ್ಮ

“ಸೊಸೆ ಮನೇಲೇ ಅವ್ಳೆ ಕಣವ್ವ, ಆದ್ರೂ ಮನೇಲಿಲ್ಲ,” ಎಂದು ಚಲುವಮ್ಮ ಪಕ್ಕದ ಮನೆಯ ನರ್ಸ್ ನಾಗಲಕ್ಷ್ಮಮ್ಮನ ಮುಂದೆ ಹೇಳಿಕೊಂಡರು. “ಮುದ್ದೆ ಇಕ್ತಾಳೆ, ಸಾರು ಮರೀತಾಳೆ. ಕೂಗುದ್ರೆ ಓಗೊಡಾಕಿಲ್ಲ. ಒಬ್ಬೊಬ್ಳೇ ನಗ್ತಾಳೆ. ನನ್ ಮಗ ಒಂದ್ ಕಡೀಕೆ, ಇವ್ಳೊಂದ್ ಕಡೀಕೆ. ಏನಾಗೈತೆ ಇವ್ಳಿಗೆ?”

೧೯೯೯ರಲ್ಲಿ, ಕಬ್ಬು ಅರೆಯುವ ಕಾಲದಲ್ಲಿ, ಪಾಂಡವಪುರದಲ್ಲಿ ನಡೆದ ಮಾತು ಇದು. ಆಗಿನ ಊರನ್ನು ಕಂಡವರಿಗೆ ಗೊತ್ತು. ಸಂಜೆಯಾದರೆ ಬೀದಿಯೆಲ್ಲ ಬೆಂದ ಕಬ್ಬಿನ ಹಾಲಿನ ವಾಸನೆ. ಸಕ್ಕರೆ ಕಾರ್ಖಾನೆಯ ಮುಂದೆ ಎತ್ತಿನ ಗಾಡಿಗಳ ಸಾಲು. ಹಿಂದಿನಿಂದ ಜಲ್ಲೆ ಎಳೆದುಕೊಂಡು ಓಡುವ ಮಕ್ಕಳು, ಅವರನ್ನು ಬೈಯುತ್ತಲೇ ಇನ್ನೊಂದು ಜಲ್ಲೆ ಎಸೆಯುವ ಗಾಡಿಯವರು. ಜಗಲಿಗಳ ಮೇಲೆ ಕೂತು ಜನ ಮುಖ ನೋಡಿಕೊಂಡು ಮಾತಾಡುತ್ತಿದ್ದರು.

ಅದೇ ವರ್ಷ ಬಸ್ ನಿಲ್ದಾಣದ ಹತ್ತಿರದ ಟೈಪಿಂಗ್ ಶಾಲೆಗೆ ಒಂದು ಕಂಪ್ಯೂಟರು ಬಂತು. ಅದಕ್ಕೆ ಫೋನಿನ ತಂತಿ ಸೇರಿಸಿದರೆ ಕೀಚ್, ಖರ್ ಎಂದು ಸದ್ದು ಮಾಡಿ ಇಂಟರ್‌ನೆಟ್ಟು ತೆರೆದುಕೊಳ್ಳುತ್ತಿತ್ತು. ಅಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದವಳೇ ಚಲುವಮ್ಮನ ಸೊಸೆ ರಂಜಿತ. ಗಂಡ ಶಂಕರ್ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಡೆ ಕೆಲಸಕ್ಕಿದ್ದ.

ಪಾಠ ಮುಗಿದ ಮೇಲೆ ರಂಜಿತ ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಅಮ್ಮಂದಿರು ಸೇರಿ ಹರಟುವ ಒಂದು ಚಾಟ್ ರೂಮು ಅವಳಿಗೆ ಸಿಕ್ಕಿತ್ತು. ಅಲ್ಲಿ ಯಾರು ಯಾವ ಹೆಸರನ್ನಾದರೂ ಇಟ್ಟುಕೊಳ್ಳಬಹುದು. ರಂಜಿತ ‘ಕೀರ್ತನಳ ಅಮ್ಮ’ ಎಂದು ಇಟ್ಟುಕೊಂಡಳು.

ಆದರೆ ಕೀರ್ತನ ಎಂಬ ಮಗು ಇರಲಿಲ್ಲ.

ಮೂರು ವರ್ಷದ ಹಿಂದೆ ರಂಜಿತಳಿಗೆ ಒಂದು ಹೆಣ್ಣು ಮಗು ಹುಟ್ಟುವಾಗಲೇ ತೀರಿಕೊಂಡಿತ್ತು. ಹೆಣ್ಣಾದರೆ ಕೀರ್ತನ ಎಂದು ಶಂಕರನೇ ಹೆಸರು ಆರಿಸಿಟ್ಟಿದ್ದ. ಮಗುವನ್ನು ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಯಾರೂ ಆ ಹೆಸರು ಎತ್ತಲಿಲ್ಲ. ಎತ್ತಿದರೆ ಅವಳಿಗೆ ನೋವಾಗುತ್ತದೆ ಎಂದು ಅವರು, ಅವರಿಗೆ ನೋವಾಗುತ್ತದೆ ಎಂದು ಅವಳು. ಕಂಪ್ಯೂಟರಿನೊಳಗೆ ಮಾತ್ರ ಕೀರ್ತನ ಬೆಳೆದಳು. ಹಲ್ಲು ಬಂದದ್ದು, ನಡೆದದ್ದು, ಈಗ ರಾಗಿ ಅಂಬಲಿಗೆ ಬೆಲ್ಲ ಕೇಳುವುದು, ಎಲ್ಲವನ್ನೂ ರಂಜಿತ ಬರೆದಳು. “ಕೀರ್ತನ ಹೇಗಿದ್ದಾಳೆ?” ಎಂದು ದೂರದೂರದವರು ಕೇಳುತ್ತಿದ್ದರು. ಆ ಪ್ರಶ್ನೆ ಓದಲಿಕ್ಕಾಗಿಯೇ ರಂಜಿತ ದಿನವೂ ಓಡುತ್ತಿದ್ದಳು.

ಅಲ್ಲಿ ಅವಳಿಗೆ ತುಂಬ ಹತ್ತಿರವಾದವಳು ಬೆಂಗಳೂರಿನ ವಿಶಾಲಾಕ್ಷಿ. ವಿಶಾಲಾಕ್ಷಿಯ ಮಗಳಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಅವಳು ಅತ್ತುಕೊಂಡು ಬರೆದಾಗ ರಂಜಿತ ಸಮಾಧಾನ ಬರೆದಳು: ‘ನಮ್ಮ ಕೀರ್ತನನೂ ತಡವಾಗೇ ಮಾತಾಡಿದ್ದು. ಡಾಕ್ಟರ ಹತ್ತಿರ ಓಡಬೇಡಿ. ಕಾಯಿರಿ, ತಾನಾಗೇ ಬರುತ್ತೆ.’ ವಿಶಾಲಾಕ್ಷಿ ನಂಬಿದಳು. ಕಾದಳು.

ಒಂದು ದಿನ ಅವಳಿಂದ ಸುದ್ದಿ ಬಂತು: ‘ಭಾನುವಾರ ಮಗಳ ಜೊತೆ ರೈಲಿನಲ್ಲಿ ಮೈಸೂರಿಗೆ ಬರುತ್ತಿದ್ದೇನೆ. ನಿಮ್ಮ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುತ್ತೆ. ಕೀರ್ತನಳನ್ನು ಕರೆದುಕೊಂಡು ಬನ್ನಿ, ಕಣ್ತುಂಬ ನೋಡಬೇಕು.’

ಸಂಜೆ ರಂಜಿತ ನೇರ ನಾಗಲಕ್ಷ್ಮಮ್ಮನ ಮನೆಗೆ ಹೋದಳು.

“ಅಕ್ಕ, ನಿಮ್ ಮೊಮ್ಮಗೀನ ಭಾನ್ವಾರ ಒಸಿ ಒತ್ತು ಕಳಿಸ್ಕೊಡ್ತೀರಾ? ಟೇಸನ್‌ಗಂಟ ಓಗ್ಬರ್ತೀವಿ.”

“ಕರ್ಕೊಂಡೋಗವ್ವ, ಅದ್ಕೇನಂತೆ. ಯಾರ್ ಬತ್ತಾವ್ರೆ?”

ರಂಜಿತ ತಡವರಿಸಿದಳು. ನಾಗಲಕ್ಷ್ಮಮ್ಮ ಅವಳ ಕೈ ಹಿಡಿದು ಕೂರಿಸಿಕೊಂಡರು. ಆಗ ಎಲ್ಲ ಹೊರಗೆ ಬಂತು, ಮೊಮ್ಮಗಳನ್ನೇ ಕೀರ್ತನ ಎಂದು ತೋರಿಸುವ ಯೋಚನೆಯೂ.

“ಇದ್ರಾಗೆ ಯಾರ್ಗೆ ಏನ್ ನಷ್ಟ ಅಕ್ಕ?” ರಂಜಿತ ಕಣ್ಣೊರೆಸಿಕೊಂಡಳು. “ನಾನ್ ಯಾರ್ಗೂ ಮೋಸ ಮಾಡ್ನಿಲ್ಲ. ಅಲ್ಲಿ ನನ್ ಮಗಳು ಅವ್ಳೆ, ಅಷ್ಟೇಯ. ಅದೊಂದ್ನ ಬುಟ್ರೆ ನಂಗೆ ಬ್ಯಾರೆ ಏನೈತೆ?”

“ನಿನ್ ಸಂಕಟ ನಂಗೊತ್ತಿಲ್ವಾ? ಅವತ್ತು ಎರಿಗೆ ಮಾಡ್ಸಕ್ಕೆ ನಾನೂ ಇದ್ನಲ್ಲವ್ವ,” ಎಂದರು ನಾಗಲಕ್ಷ್ಮಮ್ಮ. “ಅರಟೆ ತಪ್ಪಲ್ಲ. ದೂರದೋರ ಗೆಳೆತನಾನೂ ತಪ್ಪಲ್ಲ. ಆದ್ರೆ ಒಂದ್ ಯೋಳು. ಆ ಬೆಂಗಳೂರ್ ಮಗು ಕೂಗುದ್ರೆ ತಿರುಗ್ತದಾ? ಪಾತ್ರೆ ಬಿದ್ರೆ ಬೆಚ್ಚಿ ಬೀಳ್ತದಾ?”

“ಇಲ್ವಂತೆ. ಆಟದಾಗೆ ಮುಳುಗ್ಬುಟ್ರೆ ಕೇಳಾಕಿಲ್ಲ ಅಂತ ಬರುದ್ರು.”

ನಾಗಲಕ್ಷ್ಮಮ್ಮನ ಮುಖ ಗಂಭೀರವಾಯಿತು. “ರಂಜಿತ, ಮೂರ್ ವರ್ಸಕ್ಕೂ ಮಾತ್ ಬರ್ನಿಲ್ಲ ಅಂದ್ರೆ ಮೊದ್ಲು ಕಿವಿ ತೋರುಸ್ಬೇಕು. ತಡ ಆದಂಗೆಲ್ಲ ಮಾತು ಕಲಿಯಾದು ಕಷ್ಟ ಆಯ್ತದೆ. ಆ ತಾಯಿ ನಿನ್ ಮಾತ್ ನಂಬ್ಕೊಂಡು ಕಾಯ್ತಾವ್ಳೆ. ಇಲ್ದಿರೋ ಮಗೀನ ಮಾತ್ ಕೇಳಿ ಇರೋ ಮಗೀಗೆ ಕುತ್ತು ಬತ್ತದಲ್ಲವ್ವ.”

ರಂಜಿತ ಮೊಮ್ಮಗಳನ್ನು ಮತ್ತೆ ಕೇಳಲಿಲ್ಲ.

“ಮೊದ್ಲು ಓಗಿ ಶಂಕರಂಗೆ ಯೋಳು,” ಎಂದು ನಾಗಲಕ್ಷ್ಮಮ್ಮ ಕಳಿಸಿಕೊಟ್ಟರು.

ಶಂಕರ್ ಹಿತ್ತಲಿನಲ್ಲಿ ಕೈಕಾಲು ತೊಳೆಯುತ್ತಿದ್ದ. ರಂಜಿತ ಅಲ್ಲೇ ನಿಂತು ಎಲ್ಲ ಹೇಳಿದಳು. ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ಚೆಂಬು ಕೆಳಗಿಟ್ಟ.

“ಅವ್ಳು ಯಾರಂಗವ್ಳೆ ಅಂತ ಬರ್ದಿದ್ದೆ?”

“ನಿಮ್ಮಂಗೆ.”

ಶಂಕರ್ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು ಅತ್ತುಬಿಟ್ಟ. “ನಾನೂ ಅಲ್ಲಿ ಗಾಡಿ ತೂಗ್ತಾ ಕೂತಿರ್ತೀನಲ್ಲ ರಂಜಿ, ಮಕ್ಳು ಕಬ್ಬೆಳ್ಕೊಂಡು ಓಡಾದ್ ಕಂಡ್ರೆ, ನಮ್ದೂ ಇಷ್ಟುದ್ದ ಆಗಿರಾದು ಅನ್ಕೊತೀನಿ. ನಿಂಗ್ಯಾಕೆ ನೋವು ಅಂತ ಬಾಯ್ ಮುಚ್ಕೊಂಡಿದ್ದೆ.”

ಮೂರು ವರ್ಷದಲ್ಲಿ ಮೊದಲ ಸಲ ಇಬ್ಬರೂ ಆ ಮಗುವಿನ ಹೆಸರು ಹಿಡಿದು ಮಾತಾಡಿದರು. ಒಳಗೆ ಒಲೆಯ ಮುಂದಿದ್ದ ಚಲುವಮ್ಮನೂ ಬಂದು ಸೊಸೆಯ ಬೆನ್ನು ಸವರಿದರು.

ಭಾನುವಾರ ಗಂಡ ಹೆಂಡತಿ ಇಬ್ಬರೇ ಊರಾಚೆಯ ಸ್ಟೇಷನ್ನಿಗೆ ಹೋದರು. ರೈಲು ಬಂತು. ಕಿಟಕಿಯಿಂದ ಒಬ್ಬಾಕೆ ಕೈ ಬೀಸುತ್ತಿದ್ದಳು. ಪಕ್ಕದಲ್ಲಿ ಎರಡು ಜುಟ್ಟಿನ ಪುಟ್ಟ ಹುಡುಗಿ.

“ಕೀರ್ತನ ಎಲ್ಲಿ?” ವಿಶಾಲಾಕ್ಷಿ ನಗುತ್ತಾ ಕೇಳಿದಳು.

“ನಂಗೆ ಮಗಳಿಲ್ಲ,” ಎಂದಳು ರಂಜಿತ. “ಹುಟ್ಟುವಾಗ್ಲೇ ಹೋಗ್ಬುಟ್ಳು. ನಾನ್ ಬರೆದಿದ್ದೆಲ್ಲ ಸುಳ್ಳು. ನನ್ನ ಬೈರಿ, ಆದ್ರೆ ಇದೊಂದು ಕೇಳಿ. ಮೈಸೂರಲ್ಲಿ ಮಾತು, ಕಿವಿ ನೋಡೋ ಆಸ್ಪತ್ರೆ ಐತೆ. ನಾಳೆನೇ ಮಗೀನ ಅಲ್ಲಿಗೆ ಕರ್ಕೊಂಡು ಹೋಗಿ. ಕಾಯಬೇಡಿ.”

ವಿಶಾಲಾಕ್ಷಿಯ ನಗು ಇಂಗಿಹೋಯಿತು. “ನಾನು ನಿಮ್ಮನ್ನ ಎಷ್ಟು ನಂಬಿದ್ದೆ,” ಎಂದಷ್ಟೇ ಹೇಳಿ ಕಿಟಕಿಯ ಕಂಬಿಯ ಮೇಲಿದ್ದ ಕೈಯನ್ನು ಒಳಗೆಳೆದುಕೊಂಡಳು. ಗಾಡಿ ಶೀಟಿ ಹಾಕಿತು. ಶಂಕರ್ ರಂಜಿತಳ ಭುಜ ಹಿಡಿದುಕೊಂಡು ನಿಂತ.

ಮುಂದೆ ಬಹಳ ದಿನ ವಿಶಾಲಾಕ್ಷಿಯಿಂದ ಸುದ್ದಿಯಿಲ್ಲ. ರಂಜಿತ ಆ ಚಾಟ್ ರೂಮಿಗೆ ‘ರಂಜಿತ, ಪಾಂಡವಪುರ’ ಎಂಬ ಹೆಸರಿನಲ್ಲಿ ಹೋದಳು. ನಡೆದದ್ದನ್ನು ಬರೆದಳು. ಕೆಲವರು ಬೈದರು. ಇಬ್ಬರು, ‘ನಮ್ಮದೂ ಹೀಗೇ ಹೋಯಿತು’ ಎಂದು ಬರೆದರು. ಅವರ ಜೊತೆ ಗೆಳೆತನ ಉಳಿಯಿತು. ಆದರೆ ಕಾರ್ಖಾನೆಯ ಪಾಳಿ ಬಿಡುವ ಹೊತ್ತಿಗೆ ಕಂಪ್ಯೂಟರು ಆರಿಸಿ ಬರುತ್ತಿದ್ದಳು. ಗಂಡನ ಜೊತೆ ಜಗಲಿಯಲ್ಲಿ ಕೂರುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ವಿಶಾಲಾಕ್ಷಿ ಬರೆದಳು: ‘ಮಗಳಿಗೆ ಕಿವಿ ತುಂಬ ಮಂದವಂತೆ. ಕಿವಿಗೆ ಮಿಷನ್ನು ಹಾಕಿದ್ದಾರೆ, ಮಾತು ಕಲಿಸುತ್ತಿದ್ದಾರೆ. ನಿನ್ನೆ ನನ್ನ ಬಳೆ ಸದ್ದಿಗೆ ತಿರುಗಿ ನೋಡಿದಳು. ನಿಮ್ಮ ಮೇಲೆ ಕೋಪ ಇನ್ನೂ ಇದೆ. ಆದರೂ ನಿಮಗೆ ಹೇಳಬೇಕು ಅನ್ನಿಸಿತು.’

ಅಕ್ಕಂದಿರೇ, ಅಣ್ಣಂದಿರೇ, ಆಗ ಊರಿಗೊಂದು ಕಂಪ್ಯೂಟರಿತ್ತು. ಈಗ ಅದು ನಿಮ್ಮ ಕೈಯಲ್ಲೇ ಇದೆ. ಅದರಲ್ಲಿ ಗೆಳೆಯರನ್ನು ಮಾಡಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ನೀವಲ್ಲದವರಾಗಿ ಯಾರಿಗೂ ಬುದ್ಧಿ ಹೇಳಬೇಡಿ. ಕಾಣದವರ ಮಾತು ನಂಬಿ ಮಕ್ಕಳ ಆರೋಗ್ಯದ ತೀರ್ಮಾನ ಮಾಡಬೇಡಿ; ಆಸ್ಪತ್ರೆಗೆ ಹೋಗಿ. ನಿಮ್ಮ ಮಗು ಕರೆದರೆ ತಿರುಗದಿದ್ದರೆ, ಮಾತು ತಡವಾಗಿದ್ದರೆ, ಈ ವಾರವೇ ತೋರಿಸಿ. ಮನೆಯಲ್ಲಿ ಆಡಲಾಗದ ಮಾತನ್ನು ಫೋನಿನಲ್ಲಿ ಆಡುತ್ತಿದ್ದೀರಾ? ಇವತ್ತು ಆ ಫೋನನ್ನು ಕೆಳಗಿಡಿ. ಮನೆಯವರ ಪಕ್ಕ ಕೂತು, ಆ ಮಾತನ್ನು ನೀವೇ ಮೊದಲು ಎತ್ತಿ.