ಸುಭಾಷಿಣಿಯ ಹೆಸರಿನ ಚೀಟಿ

ನರ್ಮದಾ ಯಾರನ್ನೂ ಸುಲಭದಲ್ಲಿ ನಂಬುವವಳಲ್ಲ. ಬೀಡಿ ಕಟ್ಟಲು ಬ್ರಾಂಚಿನಲ್ಲಿ ಎಲೆ ಕೊಟ್ಟರೆ ಅಲ್ಲೇ ಕಟ್ಟು ಬಿಚ್ಚಿ, ಕೊಳೆತದ್ದು ಉಂಟೋ ಎಂದು ನೋಡಿದ ಮೇಲೆಯೇ ಚೀಲಕ್ಕೆ ಹಾಕುವಳು. ಬೊಂಬಾಯಿಯ ಹೋಟೆಲಿನಲ್ಲಿದ್ದ ಗಂಡನ ಕಾಗದ ಬಂದರೆ ಅಕ್ಷರ ಅವನದೇ ಹೌದೋ ಎಂದು ಮೊದಲು ನೋಡುವಳು. ಪಕ್ಕದ ಮನೆಯ ಇಮೆಲ್ಡಾ ಬಾಯಿಯ ಜೊತೆ ಎರಡು ವರ್ಷದಿಂದ ಮಾತಿಲ್ಲ. ಕ್ರಿಸ್ಮಸ್ಸಿನ ಮುನ್ನಾದಿನ ಕಾಣೆಯಾದ ತನ್ನ ಹೇಂಟೆ ಆ ಮನೆಯ ಪಾತ್ರೆಯಲ್ಲಿ ಬೆಂದಿದೆ ಎಂಬ ವಿಷಯದಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

೧೯೭೮ರ ಮಳೆಗಾಲ. ಮಣಿಪಾಲದ ಡಾಕ್ಟರುಗಳು ಕಾಪುವಿನ ಶಾಲೆಗೆ ಬಂದು ಐದರಿಂದ ಏಳನೇ ಕ್ಲಾಸಿನ ಮಕ್ಕಳ ಎದೆ ಪರೀಕ್ಷಿಸುತ್ತಾರೆ ಎಂಬ ಸುದ್ದಿ ಹಬ್ಬಿತು. ನರ್ಮದಾ ಆರನೇ ಕ್ಲಾಸಿನ ಮಗಳು ಸುಭಾಷಿಣಿಯನ್ನು ಎದುರು ನಿಲ್ಲಿಸಿಕೊಂಡು ಹೇಳಿದಳು: "ಯಾರಿಗೂ ಮೈ ಮುಟ್ಟಲಿಕ್ಕೆ ಬಿಡಬೇಡ. ರಕ್ತ ತೆಗೆದುಕೊಂಡು ಹೋಗುತ್ತಾರಂತೆ. ಹೇಗಾದರೂ ತಪ್ಪಿಸಿಕೋ."

ಡಾಕ್ಟರುಗಳು ಬಂದು ಹೋದರು. ಮನೆಯಲ್ಲಿ ಅದರ ಮಾತೇ ಏಳಲಿಲ್ಲ. ಹದಿನೈದು ದಿನ ಕಳೆದ ಮೇಲೆ ಶಾಲೆಯ ರಮಾಮಣಿ ಟೀಚರ್ ಕೊಡೆ ಮಡಚುತ್ತಾ ಜಗಲಿ ಹತ್ತಿದರು. ಕೈಯಲ್ಲಿ ಒಂದು ಕಾಗದವಿತ್ತು.

"ಸುಭಾಷಿಣಿಯ ಹೃದಯದಲ್ಲಿ ಒಂದು ಸದ್ದು ಕೇಳಿಸಿದೆಯಂತೆ. ಗಂಟು ನೋವಿನ ಜ್ವರದಿಂದ ಹೃದಯಕ್ಕೆ ಪೆಟ್ಟಾದದ್ದು ಇರಬಹುದಂತೆ. ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು."

"ಅವಳಿಗೆ ಜ್ವರ ಬಂದು ಎರಡು ವರ್ಷ ಆಯಿತು ಟೀಚರ್. ಎಂತ ಸದ್ದು?"

"ನನಗೆ ಗೊತ್ತಿಲ್ಲ. ಬರೆದದ್ದು ಇಷ್ಟೇ."

ನರ್ಮದಾ ಮಗಳ ಕಡೆ ತಿರುಗಿದಳು. "ನಿನ್ನನ್ನು ನೋಡಿದರಾ ಅವರು?" ಸುಭಾಷಿಣಿ ಟೀಚರ ಮುಖ ನೋಡಿದಳು, ಕಾಗದ ನೋಡಿದಳು, ಹೂಂ ಎಂದು ತಲೆ ಅಲ್ಲಾಡಿಸಿದಳು. ಮಾತು ಮೀರಿದ್ದಕ್ಕೆ, ಟೀಚರ್ ಗೇಟು ದಾಟಿದ ಕೂಡಲೇ ತೋಳಿಗೆ ಒಂದು ಚಿವುಟು ಬಿತ್ತು.

ಮರುದಿನದಿಂದ ನರ್ಮದಾಳ ಪರೀಕ್ಷೆ ಶುರುವಾಯಿತು. ಮಗಳನ್ನು ಬಾವಿಯಿಂದ ಮನೆಗೆ ಓಡಿಸಿದಳು, ತುಂಬಿದ ಕೊಡ ಹೊರಿಸಿದಳು. ಹುಡುಗಿಗೆ ಏದುಸಿರೂ ಬರಲಿಲ್ಲ. ಕಾರ್ಕಳದಲ್ಲಿದ್ದ ಅಕ್ಕನ ಮನೆಗೆ ಹೋಗಿ ಅಲ್ಲಿನ ಹಳೆಯ ಡಾಕ್ಟರಿಗೆ ತೋರಿಸಿದಳು. "ನನಗೆ ಎಂತದೂ ಕೇಳುವುದಿಲ್ಲಮ್ಮ. ಆದರೂ ಒಮ್ಮೆ ಮಣಿಪಾಲದಲ್ಲಿ ತೋರಿಸಿ" ಎಂದರು ಅವರು. ನರ್ಮದಾ ಮೊದಲಿನ ಮಾತನ್ನು ಮಾತ್ರ ಕಿವಿಗೆ ಹಾಕಿಕೊಂಡಳು. ಡಾಕ್ಟರಿಕೆ ಕಲಿಯುವ ಹುಡುಗರಿಗೆ ಪ್ರಯೋಗ ಮಾಡಲು ಬಡವರ ಮಕ್ಕಳು ಬೇಕು, ಅದಕ್ಕೇ ಈ ನಾಟಕ ಎಂದು ತೀರ್ಮಾನಿಸಿದಳು.

ರಮಾಮಣಿ ಟೀಚರ್ ಮೂರನೆಯ ಸಲ ಬಂದು ಒತ್ತಾಯಿಸಿದಾಗ ಅವಳು ಹೊರಟದ್ದು ಕೂಡ ಸುಳ್ಳನ್ನು ಆ ಡಾಕ್ಟರುಗಳ ಬಾಯಿಂದಲೇ ಹೊರಡಿಸಬೇಕು ಎಂಬ ಹಟದಿಂದ.

ಮಣಿಪಾಲದಲ್ಲಿ ಹಯಗ್ರೀವ ಎಂಬ ತರುಣ ಡಾಕ್ಟರು ಸುಭಾಷಿಣಿಯನ್ನು ಮಲಗಿಸಿ, ಕೂರಿಸಿ, ಎಡಕ್ಕೆ ಹೊರಳಿಸಿ ಎದೆಗೆ ಕೊಳವೆ ಇಟ್ಟು ಕೇಳಿದರು. ಹುಬ್ಬು ಗಂಟಿಕ್ಕಿತು. ದೊಡ್ಡ ಡಾಕ್ಟರನ್ನು ಕರೆದರು. ಅವರೂ ಕೇಳಿದರು. ಕೈಕಾಲಿಗೆ ವಯರು ಕಟ್ಟಿ ಉದ್ದದ ಕಾಗದದಲ್ಲಿ ಗೆರೆ ತೆಗೆದರು.

"ಏನೂ ತೊಂದರೆ ಇಲ್ಲ" ಎಂದರು ದೊಡ್ಡವರು.

"ನನಗೆ ಮೊದಲೇ ಗೊತ್ತಿತ್ತು" ಎಂದು ನರ್ಮದಾ ಎದ್ದು ನಿಂತಳು. "ಅವತ್ತು ಉಂಟು ಎಂದವರೂ ನೀವೇ, ಇವತ್ತು ಇಲ್ಲ ಎನ್ನುವವರೂ ನೀವೇ. ಯಾವುದು ಸುಳ್ಳು?"

ಹಯಗ್ರೀವ ಡಾಕ್ಟರಿಗೆ ಸಿಟ್ಟು ಬರಲಿಲ್ಲ. ಶಾಲೆಯ ಕಾರ್ಡುಗಳ ಕಟ್ಟಿನಿಂದ ಒಂದನ್ನು ತೆಗೆದು ಮತ್ತೆ ಮತ್ತೆ ಓದಿದರು. "ಆ ಸದ್ದು ನಾನೇ ಕೇಳಿದ್ದು. ಅಷ್ಟು ಜೋರಿನ ಸದ್ದು ಹೀಗೆ ಮಾಯವಾಗುವುದಿಲ್ಲ" ಎಂದವರು ಹುಡುಗಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮೂವತ್ತೊಂದು ಕಿಲೋ. ಕಾರ್ಡಿನಲ್ಲಿ ಇದ್ದದ್ದು ಇಪ್ಪತ್ತು.

"ಒಂದು ತಿಂಗಳಲ್ಲಿ ಹನ್ನೊಂದು ಕಿಲೋ?" ಡಾಕ್ಟರು ಅವಳೆದುರು ಬಗ್ಗಿದರು. "ಅವತ್ತು ಒಳಗೆ ಬಂದದ್ದು ಯಾರು ಮಗಾ?"

ಸುಭಾಷಿಣಿ ಅಳತೊಡಗಿದಳು. "ಝೀಟಾ. ಅಮ್ಮ ಹೋಗಬೇಡ ಅಂದಿದ್ದರು. ಒಳಗೆ ಹೋಗಲಿಕ್ಕೆ ಟೀಚರ್ ಕೊಟ್ಟ ನನ್ನ ಹೆಸರಿನ ಚೀಟಿ ಝೀಟಾಗೆ ಕೊಟ್ಟೆ. ಅವಳು ನಾಲ್ಕನೇ ಕ್ಲಾಸು, ಅವಳಿಗೆ ಚೀಟಿ ಇರಲಿಲ್ಲ. ಒಳಗೆ ಹೋದವರಿಗೆ ಬಿಸ್ಕೆಟ್ ಉಂಟು ಅಂತ ಹೋದಳು. ಟೀಚರ್ ಬೈಯುತ್ತಾರೆ ಅಂತ ಮನೆಯಲ್ಲಿ ಹೇಳಲಿಲ್ಲ."

ಝೀಟಾ ಇಮೆಲ್ಡಾಳ ಮಗಳು.

"ಆ ಮಗುವಿಗೆ ಗಂಟುಗಳಲ್ಲಿ ನೋವು ಉಂಟಾ?" ಡಾಕ್ಟರು ನರ್ಮದಾಳನ್ನು ಕೇಳಿದರು. "ಇವತ್ತು ಮೊಣಕಾಲು, ನಾಳೆ ಮಣಿಗಂಟು, ಹಾಗೆ?" ನರ್ಮದಾ ಮಗಳ ಕೈ ಹಿಡಿದು ಬಾಗಿಲ ಕಡೆ ತಿರುಗಿದಳು. "ಬೇಗ ಕರೆದು ತರಲು ಹೇಳಿ. ತಡವಾದರೆ ಹೃದಯ ಇನ್ನೂ ಕೆಡುತ್ತದೆ."

ಬಸ್ಸಿನಲ್ಲಿ ಅವಳು ಮಗಳಿಗೆ ಬೈಯಲಿಲ್ಲ. ಆ ಮನೆಯ ಹೊಸಿಲು ಯಾಕೆ ತುಳಿಯಬೇಕು, ಟೀಚರ್ ಹೇಳಿಕೊಳ್ಳಲಿ ಎಂದು ಉಡುಪಿ ದಾಟುವವರೆಗೂ ಲೆಕ್ಕ ಹಾಕಿದಳು. ಆದರೆ ಬೇಲಿಯಾಚೆ ಕುಂಟುತ್ತಾ ನೀರು ತರುತ್ತಿದ್ದ ಝೀಟಾ ಕಣ್ಣ ಮುಂದೆ ಬಂದಳು. ಒಂದು ವಾರ ಬಲಗಾಲು, ಇನ್ನೊಂದು ವಾರ ಎಡಗಾಲು. ಕೆಲಸ ತಪ್ಪಿಸಲು ಹುಡುಗಿ ವೇಷ ಹಾಕುತ್ತಾಳೆ ಎಂದೇ ನರ್ಮದಾ ಇಷ್ಟು ದಿನ ನಂಬಿದ್ದಳು.

ಇಮೆಲ್ಡಾ ಆಗಷ್ಟೇ ಗೇರುಬೀಜದ ಕಾರ್ಖಾನೆಯಿಂದ ಬಂದು ಕಪ್ಪಾದ ಬೆರಳುಗಳನ್ನು ಬೂದಿಯಲ್ಲಿ ತಿಕ್ಕುತ್ತಿದ್ದಳು.

"ಎಂತ ನರ್ಮದಾ, ದಾರಿ ತಪ್ಪಿತಾ?"

ನರ್ಮದಾ ನಡೆದದ್ದನ್ನೆಲ್ಲ ಹೇಳಿದಳು. ಇಮೆಲ್ಡಾಳ ಮುಖ ಬಿಗಿಯಾಯಿತು.

"ನಿನ್ನ ಮಗಳ ಕಾಯಿಲೆಯನ್ನು ನನ್ನ ಮಗಳ ತಲೆಗೆ ಕಟ್ಟಲಿಕ್ಕೆ ಬಂದೆಯಾ? ನಾಳೆ ಮದುವೆಯ ಮಾತು ಬಂದಾಗ ನಿನ್ನವಳ ಹೆಸರು ಚೊಕ್ಕ ಇರಬೇಕು, ಅಲ್ವಾ? ಮೊದಲು ಕೋಳಿ ಕದ್ದವರಾದೆವು. ಈಗ ಇದು!"

ಅವಳ ಜಾಗದಲ್ಲಿ ತಾನಿದ್ದರೂ ಇದನ್ನೇ ಹೇಳುತ್ತಿದ್ದೆ ಎಂದು ನರ್ಮದಾಳಿಗೆ ಅನ್ನಿಸಿತು.

"ನನ್ನ ಮಾತು ನಂಬಬೇಡ ಬಾಯಮ್ಮ. ಇಬ್ಬರೂ ಮಕ್ಕಳು ಇಲ್ಲೇ ಇದ್ದಾರೆ. ನಿನ್ನ ಕಿವಿಯಿಂದ ನೀನೇ ಕೇಳು."

ಇಮೆಲ್ಡಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಕೈ ಒರೆಸಿಕೊಂಡು ಮೊದಲು ಸುಭಾಷಿಣಿಯ ಎದೆಗೆ ಕಿವಿಯಿಟ್ಟಳು. ಆಮೇಲೆ ಝೀಟಾಳನ್ನು ಹತ್ತಿರ ಎಳೆದುಕೊಂಡಳು. ಬಹಳ ಹೊತ್ತು ತಲೆ ಎತ್ತಲಿಲ್ಲ. ಮತ್ತೆ ಸುಭಾಷಿಣಿ, ಮತ್ತೆ ಝೀಟಾ.

"ಸಾಕು ಮಾಂಯ್, ಕಚಗುಳಿ ಆಗ್ತದೆ" ಎಂದು ಮಗು ನಕ್ಕಿತು.

ಇಮೆಲ್ಡಾ ನಗಲಿಲ್ಲ. "ನಿನ್ನವಳದ್ದು ದಬ್ ದಬ್ ಅಂತ ಮಾತ್ರ ಕೇಳುತ್ತದೆ" ಎಂದಳು ಮೆಲ್ಲಗೆ. "ಇವಳದ್ದರಲ್ಲಿ ನಡುವೆ ಗಾಳಿ ಹೋದ ಹಾಗೆ ಒಂದು ಸುಯ್ ಉಂಟು."

ಆದರೂ ಅವಳು ನರ್ಮದಾಳನ್ನು ಜೊತೆಗೆ ಕರೆಯಲಿಲ್ಲ. ಕೆಲಸಕ್ಕೆ ರಜೆ ಹಾಕಿ, ಮಗಳ ಕೈ ಹಿಡಿದು ತಾನೊಬ್ಬಳೇ ಮಣಿಪಾಲಕ್ಕೆ ಹೋದಳು. ಯಾರು ಕಳಿಸಿದ್ದೆಂದು ಹೇಳದೆ, ಬೇಕೆಂದೇ ಬೇರೆ ಡಾಕ್ಟರಿಗೆ ತೋರಿಸಿದಳು. ಆ ಡಾಕ್ಟರೂ ಅದೇ ಮಾತು ಹೇಳಿದರು: ಹೃದಯದ ಒಂದು ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು, ವರ್ಷಗಟ್ಟಲೆ, ಒಂದನ್ನೂ ತಪ್ಪಿಸಬಾರದು.

ಮೂರನೆಯ ಚುಚ್ಚುಮದ್ದಿನ ಹೊತ್ತಿಗೆ ಕಾರ್ಖಾನೆಯಲ್ಲಿ ರಜೆ ಸಿಗದಾಯಿತು. ಇಮೆಲ್ಡಾ ಬೇಲಿಯ ಬಳಿ ಬಂದು ನಿಂತಳು.

"ಕಾಪುವಿನ ಸರಕಾರಿ ಆಸ್ಪತ್ರೆಯಲ್ಲೇ ಕೊಡ್ತಾರೆ. ನೀನು ಕರೆದುಕೊಂಡು ಹೋಗ್ತೀಯಾ? ಬೇರೆಯವರಾದರೆ ಸೂಜಿ ಕುದಿಸಿದರೋ ಇಲ್ಲವೋ ನೋಡುವುದಿಲ್ಲ."

"ನಾನು ನೋಡದೆ ಬಿಡ್ತೇನಾ?" ಎಂದಳು ನರ್ಮದಾ.

ಬಿಡಲಿಲ್ಲ. ಮೊದಲ ದಿನವೇ ಕಂಪೌಂಡರ್ ದೂಮಪ್ಪನಿಂದ ಬಾಟಲಿಯ ಮೇಲಿನ ತಾರೀಕನ್ನು ಎರಡು ಸಲ ಓದಿಸಿ, ಮೂರನೆಯ ಸಲ ಸಾಲಿನಲ್ಲಿದ್ದ ಅಪರಿಚಿತನೊಬ್ಬನಿಂದ ಓದಿಸಿದಳು. ಝೀಟಾ ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿಯಲು ಹೋಗುವವರೆಗೂ ಇದು ನಡೆಯಿತು. ಎದೆಯ ಸದ್ದು ಪೂರ್ತಿ ಹೋಗಲಿಲ್ಲ, ಆದರೆ ಹೆಚ್ಚಲೂ ಇಲ್ಲ. ಕಡೆಕಡೆಗೆ ನರ್ಮದಾ ಬಾಗಿಲಲ್ಲಿ ಕಂಡರೆ ಸಾಕು, ದೂಮಪ್ಪ ಕೇಳುವ ಮೊದಲೇ ಬಾಟಲಿಯನ್ನು ಬೆಳಕಿಗೆ ಹಿಡಿದು ತೋರಿಸುತ್ತಿದ್ದ.